ಕಂಡಕ್ಟರ್ ಹೇಳದ ಹೋಟೆಲು

ನನ್ನ ಸ್ವಂತ ಅಕ್ಕನ ಹೋಟೆಲಿಗೆ ನಾನು ಒಬ್ಬನೇ ಒಬ್ಬ ಗಿರಾಕಿಯನ್ನೂ ಕಳಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರಾಯಿತು ಎಂದು ಇಟ್ಟುಕೊಂಡರೆ ದಾರಿಯಲ್ಲಿ ಬೇರೆ ಕತೆಗಳು ಹತ್ತಿಕೊಂಡು ಇದಕ್ಕೆ ಸೀಟು ಸಿಗಲಿಕ್ಕಿಲ್ಲ. ಹೇಳಿ ಕಳಿಸುವ ಬಾಯಿ ನನಗಿರಲಿಲ್ಲ ಎಂದಲ್ಲ. ಇದ್ದದ್ದೇ ಬಾಯಿ. ಐದನೆಯ ಕ್ಲಾಸಿನಲ್ಲಿ ನಾನು ಶಾಲೆಯನ್ನೂ ಶಾಲೆ ನನ್ನನ್ನೂ ಬಿಟ್ಟ ಮೇಲೆ, ಮೊದಲು ಬಸ್ಸು ತೊಳೆಯುವವನಾಗಿ, ಆಮೇಲೆ ಸುಳ್ಯ–ಪುತ್ತೂರು ಬಸ್ಸಿನ ಕಂಡಕ್ಟರ್ ಆಗಿ ಬದುಕಿದ್ದು ಈ ಬಾಯಿಯಿಂದಲೇ. ಜಾಲ್ಸೂರಿನಲ್ಲಿ ನಾನು "ರೈಟ್" ಅಂದರೆ ಎಷ್ಟೋ ಮೈಲು ಆಚೆ ಕಾವು ಎಂಬಲ್ಲಿ ಕಾಯುತ್ತಿದ್ದವರು ಗಂಟು ಎತ್ತಿಕೊಳ್ಳುತ್ತಿದ್ದರು ಎಂದು ನಮ್ಮ ಡ್ರೈವರ್ ತಮಾಷೆ ಮಾಡುತ್ತಿದ್ದ. ಅಂಥ ಗಂಟಲು ಒಂದು ಹೋಟೆಲಿನ ವಿಷಯ ಬಂದಾಗ ಮಾತ್ರ ಕಟ್ಟಿಹೋಗುತ್ತಿತ್ತು.

ಆಗ ನಮಗೆ ಪುತ್ತೂರು ಎಂದರೆ ಮಹಾನಗರ. ಬೊಂಬಾಯಿ ಕಂಡವರು ನಗಬಹುದು. ಆದರೆ ನಮ್ಮೂರು ಆಲೆಟ್ಟಿಯ ಗುಡ್ಡೆ ಇಳಿದು, ಹೊಳೆ ದಾಟಿ, ಬಸ್ಸಿನಲ್ಲಿ ಎರಡು ಸಲ ಕಾರಿಕೊಂಡು ಬಂದವನಿಗೆ ಕೋರ್ಟು, ಆಸ್ಪತ್ರೆ, ತಾಲೂಕು ಕಚೇರಿ ಇದ್ದ ಊರಿಗಿಂತ ದೊಡ್ಡದನ್ನು ಕಲ್ಪಿಸಿಕೊಳ್ಳಲಿಕ್ಕೂ ತ್ರಾಣ ಉಳಿಯುತ್ತಿರಲಿಲ್ಲ. ಬಸ್ಸಿಳಿದವರ ಮೊದಲ ಪ್ರಶ್ನೆ ಒಂದೇ, "ಇಲ್ಲಿ ಉಣ್ಲಿಕ್ಕೆ ಒಳ್ಳೆದು ಎಲ್ಲಿ ಮಾರಾಯ್ರೆ?" ಪೇಟೆಯ ಒಳಗಿನದನ್ನು ಯಾರು ಬೇಕಾದರೂ ಹೇಳಿಯಾರು. ನನ್ನ ವಿದ್ಯೆ ಇದ್ದದ್ದು ಪೇಟೆಯ ಅಂಚಿನಲ್ಲಿ. ಬೊಳುವಾರಿನಿಂದ ಆಚೆ ಬ್ಯಾರಿ ಸಾಹೇಬರೊಬ್ಬರ ಹೋಟೆಲು, ಅಲ್ಲಿ ಅಕ್ಕಿರೊಟ್ಟಿಯನ್ನು ಕೋಳಿಸಾರಿನಲ್ಲಿ ನೆನೆಸಿ ಕೊಡುವಾಗ ರೊಟ್ಟಿ ಯಾವುದು ಸಾರು ಯಾವುದು ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಕಬಕದ ದಾರಿಯಲ್ಲಿ ಒಂದು ಮಲೆಯಾಳಿ ಚಾ ಅಂಗಡಿ, ಅಲ್ಲಿ ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು, ಕಡಲೆ, ಶನಿವಾರ ಮರಗೆಣಸು ಮತ್ತು ಮೀನು. ದರ್ಬೆಯಲ್ಲಿ ಕೊಂಕಣಿಯವರ ಒಂದು ಅಂಗಡಿ, ಗೋಳಿಬಜೆ ಬಾಣಲೆಯಿಂದ ಏಳುವ ಹೊತ್ತಿಗೆ ಹೋದವನೇ ಪುಣ್ಯವಂತ. ಮುಖ ನೋಡಿ ಹೇಳುತ್ತಿದ್ದೆ, "ನಿಮಗೆ ಬೊಳುವಾರು," "ನಿಮಗೆ ದರ್ಬೆ." ಡಾಕ್ಟರು ಮದ್ದು ಬರೆದುಕೊಟ್ಟಷ್ಟು ಗತ್ತಿನಿಂದ.

ತಪ್ಪುಗಳೂ ಆಗುತ್ತಿದ್ದವು. ಈಶ್ವರಮಂಗಲದಿಂದ ಕೋರ್ಟಿಗೆ ಬಂದ ಒಬ್ಬರನ್ನು ನಾನು ಬಹಳ ಅಭಿಮಾನದಿಂದ ಪುಟ್ಟಿನ ಅಂಗಡಿಗೆ ಕಳಿಸಿದ್ದೆ. ಸಂಜೆ ಬಸ್ಸು ಹತ್ತುವಾಗಲೇ ಶುರು ಮಾಡಿದರು. "ಅಲ್ಲ ಮಾರಾಯ, ಕೇರಳದ ಗಡಿಯಲ್ಲಿ ಕೂತವರು ನಾವು. ಮನೆಯಲ್ಲಿ ದಿನಾ ಪುಟ್ಟೇ. ಅಷ್ಟು ದೂರ ನಡೆಸಿ ಮತ್ತೆ ಪುಟ್ಟು ತಿನ್ನಿಸಿದ್ದಲ್ಲ ನೀನು! ಕೋರ್ಟಿನಲ್ಲಿ ಸೋತದ್ದು ಸಾಲದು ಅಂತ ಕಂಡಿತಾ ನಿನಗೆ?" ಅಂದಿನಿಂದ ನಾನೊಂದು ಸಿದ್ಧಾಂತ ಮಾಡಿಕೊಂಡೆ. ಮನೆಯಲ್ಲಿ ಉಣ್ಣುವುದನ್ನು ಯಾರಿಗೂ ಪೇಟೆಯಲ್ಲಿ ತೋರಿಸಬಾರದು. ಒಳ್ಳೆಯ ಸಿದ್ಧಾಂತ. ಅದರ ದೊಡ್ಡ ಉಪಯೋಗವೆಂದರೆ, ಅಕ್ಕನ ಹೋಟೆಲಿನ ಬಗ್ಗೆ ಬಾಯಿ ಬಿಡದಿರಲಿಕ್ಕೆ ನನಗೆ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತು.

ಯಾಕೆಂದರೆ ಅಕ್ಕ ಮಾರುತ್ತಿದ್ದದ್ದು ಗಂಜಿ.

ನನ್ನ ಅಕ್ಕ ದೇವಕಿಯನ್ನು ಸಂಪ್ಯಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಸುಳ್ಯದಿಂದ ಬರುವಾಗ ಪೇಟೆ ಇನ್ನೇನು ಬಂತು ಎನ್ನುವಾಗ ಸಿಗುವ ಊರು ಅದು. ಭಾವ ಎತ್ತಿನ ಗಾಡಿ ಹೊಡೆಯುತ್ತಿದ್ದ. ಲಾರಿಗಳು ಬಂದ ಮೇಲೆ ಗಾಡಿಗೆ ಬಾಡಿಗೆ ಇಲ್ಲದಾಯಿತು. ಭಾವ ಗಾಡಿಯ ನೊಗ ಕಟ್ಟುವ ಮೂಕಿಯ ಮೇಲೆ ಕೂತು ಹೋಗುವ ಲಾರಿಗಳನ್ನು ಬೈಯುತ್ತಾ ಕಾಲ ಕಳೆಯತೊಡಗಿದಾಗ, ಅಕ್ಕ ಅದೇ ಗಾಡಿಯ ಪಕ್ಕದಲ್ಲಿ ನಾಲ್ಕು ಕಂಬ ನಿಲ್ಲಿಸಿ, ಸೋಗೆ ಹೊದಿಸಿ, ಒಂದು ಬೆಂಚು ಹಾಕಿದಳು. ಕುಚ್ಚಲಕ್ಕಿ ಗಂಜಿ, ಸುಟ್ಟ ಮೆಣಸಿನ ಚಟ್ನಿ, ಮಾವಿನಮಿಡಿ, ಕೆಲವು ದಿನ ಒಣಮೀನು. ಬೋರ್ಡು ಇಲ್ಲ. ಕಲ್ಲು ಒಡೆಯುವವರು, ಕಟ್ಟಿಗೆ ಹೊರುವವರು ಬರುತ್ತಿದ್ದರು. ನಾನು ಬಸ್ಸು ತೊಳೆಯುತ್ತಿದ್ದ ಕಾಲದಲ್ಲಿ ಮಲಗಿದ್ದು ಅವಳ ಜಗಲಿಯಲ್ಲಿ, ಉಂಡದ್ದು ಆ ಗಂಜಿಯನ್ನೇ. ಬೆಳಿಗ್ಗೆ ನನ್ನ ಪಾಲಿಗೆ ತಳದ ಗಟ್ಟಿ ಅನ್ನ ಹಾಕಿ, ತನ್ನ ಪಾಲಿಗೆ ಮೇಲಿನ ಬರೀ ನೀರು, ತೆಳಿ, ಬಗ್ಗಿಸಿಕೊಳ್ಳುತ್ತಿದ್ದಳು. "ನಂಗೆ ತೆಳಿಯೇ ಇಷ್ಟ ಪುಟ್ಟ," ಎನ್ನುತ್ತಿದ್ದಳು. ನಾನು ನಂಬಿದ್ದೆ. ಹೊಟ್ಟೆ ತುಂಬುವ ಮಾತನ್ನು ಯಾರೂ ಎರಡು ಸಲ ವಿಚಾರಿಸುವುದಿಲ್ಲ.

ಪುಟ್ಟ ಅಂದರೆ ನಾನು. ಮೀಸೆ ಬಂದು, ಖಾಕಿ ಅಂಗಿ ಬಂದು, ಹೆಗಲಿಗೆ ಚರ್ಮದ ಚೀಲ ಬಂದ ಮೇಲೂ ಅವಳಿಗೆ ನಾನು ಪುಟ್ಟನೇ. ಬಸ್ಸು ಸಂಪ್ಯದಲ್ಲಿ ನಿಂತರೆ ಸೌಟು ಹಿಡಿದೇ ಹೊರಗೆ ಬಂದು, "ಪುಟ್ಟಾ, ಗಂಜಿ ಕುಡ್ದು ಹೋಗಾ!" ಎಂದು ಕೂಗುತ್ತಿದ್ದಳು. ಬಸ್ಸಿನಲ್ಲಿ ಕಚೇರಿಯ ಗುಮಾಸ್ತರು ಇರುತ್ತಿದ್ದರು. ನಾನು ಕೇಳಿಸದವನ ಹಾಗೆ ಜೋರಾಗಿ ರೈಟ್ ಹೇಳುತ್ತಿದ್ದೆ.

ನಿಜ ಹೇಳಬೇಕೆಂದರೆ ನಾಚಿಕೆಯ ಜೊತೆಗೆ ತುಪ್ಪದ ದೋಸೆಯೂ ಇತ್ತು. ಆಗಿನ ಪದ್ಧತಿ ಹಾಗೆ: ಬಸ್ಸು ಯಾವ ಹೋಟೆಲಿನ ಎದುರು ನಿಲ್ಲುತ್ತದೋ ಅಲ್ಲಿ ಡ್ರೈವರಿಗೂ ಕಂಡಕ್ಟರಿಗೂ ತಿಂಡಿ ಪುಕ್ಕಟೆ. ನಮ್ಮ ಬಸ್ಸು ನಿಲ್ಲುತ್ತಿದ್ದದ್ದು ಪೇಟೆಯ ನಡುವೆ, ಎಲ್ಲರೂ ಮಾಮ ಎಂದು ಕರೆಯುತ್ತಿದ್ದವರ ಹೋಟೆಲಿನ ಎದುರು. ಕಲ್ಲುಹಾಸಿನ ಮೇಜು, ತಲೆಯ ಮೇಲೆ ಫ್ಯಾನು. "ಕಂಡಕ್ಟ್ರು ಬಂದ್ರು, ಒಳಗೆ ಜಾಗ ಮಾಡಿ!" ಎಂದು ಮಾಮ ಕೂಗಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನನ್ನ ಡ್ರೈವರ್ ಅಬ್ಬುಚ್ಚ, ನನಗಿಂತ ಹಿರಿಯ, ಬ್ಯಾರಿ, ಮಿತ ಮಾತಿನ ಮನುಷ್ಯ. ಒಂದು ದಿನ ದೋಸೆ ಮುರಿಯುತ್ತಾ ಕೇಳಿದ, "ಅಲ್ಲಾ, ನಿನ್ನ ಅಕ್ಕಂದು ಹೋಟೆಲ್ ಉಂಟಲ್ಲ, ಅಲ್ಲಿಗೆ ಯಾರನ್ನೂ ಕಳ್ಸುದಿಲ್ವಾ ನೀನು?" ನಾನು ನನ್ನ ಸಿದ್ಧಾಂತ ವಿವರಿಸಿದೆ. ಪೂರ್ತಿ ಕೇಳಿ, "ನಿನಗೆ ಹೊಟ್ಟೆ ಉಂಟು ಮಾರಾಯ, ಮುಖ ಇಲ್ಲ," ಎಂದು ಕೈ ತೊಳೆಯಲು ಎದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕ ತವರುಮನೆಗೆ ಹೋದವಳು ನಮ್ಮ ಬಸ್ಸಿನಲ್ಲೇ ವಾಪಸು ಬಂದಳು. ಪೇಟೆಯಲ್ಲಿ ಒಂದು ಪಾತ್ರೆ ಕೊಳ್ಳುವುದಿತ್ತೆಂದು ಸಂಪ್ಯದಲ್ಲಿ ಇಳಿಯದೆ ಪುತ್ತೂರಿನ ತನಕ ಬಂದಳು. ಬಸ್ ಸ್ಟೇಂಡಿನಲ್ಲಿ ಅವಳ ಬುಟ್ಟಿಯನ್ನು ನಾನೇ ಇಳಿಸಿ ಕೈಯಲ್ಲಿ ಹಿಡಿದು ನಿಂತಿದ್ದೆ. ಬುಟ್ಟಿಯಲ್ಲಿ ಆಲೆಟ್ಟಿಯ ಕುಚ್ಚಲಕ್ಕಿ. ಅಷ್ಟರಲ್ಲಿ ನಾವೆಲ್ಲ ಚೇಟ, ಅಂದರೆ ಅಣ್ಣ, ಎಂದು ಕರೆಯುವ ಮಲೆಯಾಳಿಯೊಬ್ಬ ಓಡಿಬಂದ. ಕಡಬದ ಆಚೆ ರಬ್ಬರ್ ಹಾಕಿ ಕೂತಿದ್ದ, ಕೇರಳದಿಂದ ಬಂದ ಕ್ರಿಸ್ತಿಯಾನ, ತೋಮ ಎಂದು ಹೆಸರು. ಊಟದ ವಿಷಯ ಈ ಕಂಡಕ್ಟರನ್ನು ಕೇಳು ಎಂದು ಯಾರೋ ಹೇಳಿದ್ದರಂತೆ.

"ಸಾರ್, ಹೆಂಡತಿ ಆಸ್ಪತ್ರೆಯಲ್ಲಿ. ಗಂಜಿ ಮಾತ್ರ ಕೊಡ್ಬೇಕು ಅಂತ ಡಾಕ್ಟರ್ ಹೇಳಿದ್ದು. ಎಲ್ಲಾ ಹೋಟೆಲಲ್ಲಿ ಕೇಳಿದೆ, ಎಲ್ಲಾ ಕಡೆ ದೋಸೆ, ದೋಸೆ. ಗಂಜಿ ಎಲ್ಲಿ ಸಿಗ್ತದೆ ಸಾರ್?"

ಸುತ್ತ ಗುಮಾಸ್ತರು ನಿಂತಿದ್ದರು. ಎದುರಿನ ಹೋಟೆಲಿನ ಬಾಗಿಲಲ್ಲಿ ಮಾಮ ನಿಂತಿದ್ದರು. ಬುಟ್ಟಿಗೆ ಕೈ ಚಾಚಿ ಅಕ್ಕ ನಿಂತಿದ್ದಳು. ನಾನು ನಕ್ಕೆ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು. "ಗಂಜಿಯಾ? ಗಂಜಿ ಯಾರು ಮಾರ್ತಾರೆ ಮಾರಾಯ್ರೆ ಈ ಪುತ್ತೂರಲ್ಲಿ? ಮುಂದೆ ಮಾಮನ ಹೋಟೆಲ್ ಉಂಟು, ಅಲ್ಲಿಗೆ ಹೋಗಿ, ಮೆತ್ತಗೆ ಇಡ್ಲಿ ಕೊಡ್ತಾರೆ," ಎಂದೆ.

ಅಕ್ಕ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡಳು. ಯಾವಾಗಲೂ "ಬರ್ತೇನೆ ಪುಟ್ಟ" ಎಂದು ಹೊರಡುವವಳು. ನಮ್ಮಲ್ಲಿ ಹೊರಡುವವರು ಬರ್ತೇನೆ ಎಂದೇ ಹೇಳುವುದು. ಅವತ್ತು "ಹೋಗ್ತೇನೆ" ಎಂದಳು.

ಮರುದಿನ ಬಸ್ಸು ಸಂಪ್ಯದಲ್ಲಿ ನಿಂತಿತು. ಸೌಟು ಹೊರಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಳ್ಳಲು ನೋಡಿದೆ. ಇಷ್ಟು ವರ್ಷ ಕೇಳಿಸದ ಹಾಗೆ ನಟಿಸಿದ ಕೂಗು ನಿಜವಾಗಿ ಕೇಳಿಸದಾದಾಗ ಸಂಪ್ಯ ಬಂದ ಕೂಡಲೇ ಕಿವಿ ನಿಮಿರುತ್ತಿತ್ತು. ರಜೆಯ ದಿನ ನಾನೇ ಹೋಗಿ ಬೆಂಚಿನ ಮೇಲೆ ಕೂತೆ. ಅಕ್ಕ ಒಳಗಿನಿಂದ ಬಂದು ಕೈ ಒರೆಸಿಕೊಂಡಳು.

"ಎಂತ ಬೇಕು ಕಂಡಕ್ಟ್ರೆ?"

"ಎಂತ ಅಕ್ಕ ಇದು? ಗಂಜಿ ಕೊಡು."

"ಗಂಜಿಯಾ? ಗಂಜಿ ಯಾರು ಮಾರ್ತಾರೆ ಈ ಪುತ್ತೂರಲ್ಲಿ? ಮುಂದೆ ಮಾಮನ ಹೋಟೆಲ್ ಉಂಟು, ಅಲ್ಲಿಗೆ ಹೋಗಿ. ಮೆತ್ತಗೆ ಇಡ್ಲಿ ಕೊಡ್ತಾರೆ."

ಪಕ್ಕದಲ್ಲಿ ಉಣ್ಣುತ್ತಿದ್ದ ಕಲ್ಲಿನ ಕೆಲಸದವರು ತಲೆ ಎತ್ತಿ ನೋಡಿದರು. ಭಾವ ಗಾಡಿಯ ಮೂಕಿಯ ಮೇಲಿಂದ, "ಹೋಗು ಮಾರಾಯ, ತಣ್ಣಗಾದೀತು ಇಡ್ಲಿ," ಎಂದ. ಲಾರಿಗಳ ಮೇಲಿದ್ದ ಸಿಟ್ಟನ್ನು ಅವನು ಮೊದಲ ಬಾರಿ ಬೇರೆ ಕಡೆಗೆ ತಿರುಗಿಸಿದ್ದು ನನಗೆ ಕಂಡಿತು.

ಇದು ನಾಲ್ಕು ದಿನದ ಕೋಪ ಎಂದು ತಿಳಿದೆ. ಅಷ್ಟರಲ್ಲಿ ತೋಮ ಚೇಟ ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೊರಟವನು ಬಸ್ ಸ್ಟೇಂಡಿನಲ್ಲಿ ಸಿಕ್ಕಿದ. ನನ್ನನ್ನು ಕಂಡು ಮುಖ ಅರಳಿಸಿಕೊಂಡು ಬಂದ. "ಸಾರ್, ನೀವು ಗಂಜಿ ಇಲ್ಲ ಅಂತ ಹೇಳಿದ್ದಲ್ವಾ? ಉಂಟು ಸಾರ್! ಸಂಪ್ಯದಲ್ಲಿ ಒಬ್ಬರು ಚೇಚಿ, ಅಕ್ಕ, ಇದ್ದಾರೆ. ಅವತ್ತೇ ಹುಡುಕಿಕೊಂಡು ಆಸ್ಪತ್ರೆಗೆ ಬಂದರು. ದಿನಾ ಹಿಡಿ ಇರುವ ತೂಕುಪಾತ್ರೆಯಲ್ಲಿ ಗಂಜಿ ಹಿಡಿದು ನಡೆದೇ ಬರುದು. ಇವಳಿಗೆ ಅವರೇ ಕುಡಿಸುದು. ನಿಮಗೆ ಗೊತ್ತಿರ್ಲಿ ಅಂತ ಹೇಳಿದೆ. ಬೇರೆ ಯಾರಾದರೂ ಕೇಳಿದರೆ ಹೇಳ್ಬಹುದಲ್ಲ." ಅವನ ಹೆಂಡತಿ ಬಡಕಲು ಕೈ ಜೋಡಿಸಿ ನನಗೂ ಒಂದು ನಮಸ್ಕಾರ ಮಾಡಿದಳು. ಯಾವುದಕ್ಕೆ ಎಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಪುತ್ತೂರಿನ ಸುತ್ತಲಿನ ಊಟದ ಬಗ್ಗೆ ನನಗೆ ಪಾಠ ಹೇಳಿದ ಮೊದಲ ಮನುಷ್ಯ ಅವನು. ನಾನು, "ಹೌದಾ? ಎಲ್ಲಿ, ಸಂಪ್ಯದಲ್ಲಾ?" ಎಂದೆ. ಅಷ್ಟಾದ ಮೇಲೂ ನಾನು ಹಾಗೆ ಅಂದೆ!

ಆಮೇಲೆ ನನ್ನ ಸಿದ್ಧಾಂತವನ್ನು ಕೂತು ಯೋಚಿಸಿದೆ. ಮನೆ ಬಿಟ್ಟು ಬಂದವನಿಗೆ ಮನೆಯಲ್ಲಿಲ್ಲದ್ದು ಬೇಕು ಎಂದು ತಿಳಿದಿದ್ದೆ. ಅದು ಗಟ್ಟಿಮುಟ್ಟಾಗಿ ಬಸ್ಸಿಳಿದವನ ಮಾತು. ಜ್ವರ ಬಂದವಳಿಗೆ, ಕೋರ್ಟಿನಲ್ಲಿ ಸೋತವನಿಗೆ, ದಾರಿಯುದ್ದ ಕಾರಿಕೊಂಡವನಿಗೆ ಬೇಕಾದದ್ದು ಮನೆಯದ್ದೇ ಇರಬೇಕು. ಆ ಈಶ್ವರಮಂಗಲದವರೂ ಬೈದರೇ ಹೊರತು ತಟ್ಟೆಯಲ್ಲಿ ಪುಟ್ಟು ಉಳಿಸಿದೆ ಎಂದು ಹೇಳಿರಲಿಲ್ಲ.

ತಪ್ಪಾಯಿತು ಎಂದು ಹೇಳುವುದೆಂದು ನಿಶ್ಚಯಿಸಿದೆ. ಆದರೆ ಬರಿಗೈಯಲ್ಲಿ ಹೇಗೆ ಹೋಗುವುದು? ಒಂದು ಕಟ್ಟು ಜಿಲೇಬಿ ಹಿಡಿದುಕೊಂಡು ಹೋದೆ. ನನ್ನ ಬುದ್ಧಿಗೆ ಏನು ಹೇಳಲಿ, ಕಟ್ಟಿಸಿದ್ದು ಮಾಮನ ಹೋಟೆಲಿನಲ್ಲಿ. ಅಕ್ಕ ಕಾಗದ ಬಿಚ್ಚಿ ಮೂಸಿ ನೋಡಿ, ಬೆಂಚಿನಲ್ಲಿ ಕೂತವರಿಗೆಲ್ಲ ಒಂದೊಂದು ಹಂಚಿದಳು. "ತಿನ್ನಿ, ತಿನ್ನಿ. ಪೇಟೆ ಹೋಟೆಲಿಂದು. ಕಂಡಕ್ಟ್ರು ಕೊಟ್ಟದ್ದು." ಕೊನೆಯದನ್ನು ಭಾವನ ಎತ್ತಿಗೆ ಕೊಟ್ಟಳು. ಎತ್ತು ಮೂಸಿ ಮುಖ ತಿರುಗಿಸಿತು. ಆ ಮನೆಯಲ್ಲಿ ನನ್ನ ಪರವಾಗಿ ಒಂದು ಪ್ರಾಣಿಯೂ ಉಳಿದಿರಲಿಲ್ಲ.

ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಟಿಕೇಟು ಹರಿಯುತ್ತಾ ಬಾಯಿಪಾಠ ಮಾಡುತ್ತಿದ್ದೆ. ಸಂಪ್ಯಕ್ಕೆ ಮೊದಲು ಸಿಗುವ ಕುಂಬ್ರದ ತನಕ ಚೆನ್ನಾಗಿ ಬರುತ್ತಿತ್ತು. ಸಂಪ್ಯ ಬಂದ ಕೂಡಲೇ ಗುಮಾಸ್ತರ ಮುಖಗಳು ಕಾಣುತ್ತಿದ್ದವು, ಬಾಯಿಂದ "ರೈಟ್" ಬರುತ್ತಿತ್ತು. ಅಬ್ಬುಚ್ಚ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಒಂದು ದಿನ ಸಂಪ್ಯದಲ್ಲಿ ನಾನು ರೈಟ್ ಹೇಳಿದರೂ ಬಸ್ಸು ಹೊರಡಲಿಲ್ಲ. ಅವನು ಎಂಜಿನ್ ಬಂದ್ ಮಾಡಿ ಇಳಿದೇಬಿಟ್ಟ.

"ಎಂತ ಆಯ್ತು ಅಬ್ಬುಚ್ಚ?"

"ಹಸಿವು. ನಿನ್ನ ದೋಸೆ ತಿಂದು ನನಗೆ ಹೊಟ್ಟೆ ಉರೀತದೆ. ನಾನು ಗಂಜಿ ಕುಡೀತೇನೆ. ನೀನು ಬೇಕಾದ್ರೆ ಬಸ್ಸು ಬಿಟ್ಕೊಂಡು ಹೋಗು."

ಡ್ರೈವರ್ ಇಳಿದ ಮೇಲೆ ಜನ ಕೂತು ಮಾಡುವುದೇನು? ಒಬ್ಬೊಬ್ಬರಾಗಿ ಇಳಿದರು. ಗುಮಾಸ್ತರೂ ಇಳಿದರು. ಅವರಲ್ಲಿ ಹಿರಿಯವರೊಬ್ಬರು ಪಂಚೆ ಎತ್ತಿ ಕಟ್ಟಿ ಬೆಂಚಿನಲ್ಲಿ ಕೂತು, ಮಿಡಿ ಕಚ್ಚಿ, "ಆಹಾ, ಇಷ್ಟು ದಿವಸ ಇದನ್ನು ಎಲ್ಲಿ ಅಡಗಿಸಿಟ್ಟಿದ್ರಿ ಕಂಡಕ್ಟ್ರೆ?" ಎಂದು ನನ್ನ ಕಡೆ ನೋಡಿ ಕೇಳಿದರು. ಅಕ್ಕ ಬಡಿಸುತ್ತಾ ಬಂದಳು. ಎಲ್ಲರಿಗೂ ಒಂದೇ ಪ್ರಶ್ನೆ, "ಗಟ್ಟಿ ಬೇಕಾ, ತೆಳಿ ಬೇಕಾ?" ಅಬ್ಬುಚ್ಚ ಗಟ್ಟಿ ಎಂದ. ಗುಮಾಸ್ತರು ಎರಡೂ ಎಂದರು. ಸೌಟು ನನ್ನ ಎದುರಿಗೆ ಬಂದು ನಿಂತಿತು.

"ನಿಮಗೆ ಎಂತ ಬೇಕು ಕಂಡಕ್ಟ್ರೆ?"

ಅವಳಿಗೆ ಮಾತ್ರ ಕೇಳಿಸುವ ಹಾಗೆ ಮೆಲ್ಲಗೆ ಹೇಳಬೇಕೆಂದೇ ನಾನು ಬಾಯಿ ತೆರೆದದ್ದು. ಆದರೆ ಈ ಗಂಟಲಿಗೆ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಕುಂಬ್ರದಲ್ಲೇ ಉಳಿದಿತ್ತು. ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರೂ ಏಳುವ ಹಾಗೆ, ಮೂಕಿಯ ಮೇಲೆ ಕೂತ ಭಾವ ಬೆಚ್ಚಿ ಕೆಳಗಿಳಿಯುವ ಹಾಗೆ, ಅದು ಹೊರಗೆ ಬಂತು:

"ಕಂಡಕ್ಟ್ರು ಅಲ್ಲ ಅಕ್ಕಾ, ನಾನು ಪುಟ್ಟ! ಗಂಜಿ ಎಲ್ಲಿ ಸಿಗ್ತದೆ ಅಂತ ನನಗೆ ಗೊತ್ತಿತ್ತು, ಹೇಳ್ಲಿಕ್ಕೆ ನಾಚಿಕೆ ಆಯ್ತು. ನನ್ನದು ತಪ್ಪಾಯ್ತು ಅಕ್ಕಾ. ನಂಗೆ ತೆಳಿ ಸಾಕು, ಇವತ್ತು ಗಟ್ಟಿ ನೀನು ಉಣ್ಣು."