ಸರ್ಕಾರ ಒಪ್ಪಿದ ಮೀಸೆ

ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತರು ಮೀಸೆ ಕಳೆದುಕೊಂಡದ್ದು ಪಂಥ ಕಟ್ಟಿ ಅಲ್ಲ, ಬಚ್ಚಲುಮನೆಯಲ್ಲಿ. ಕನ್ನಡಿಗೆ ಫೋನು ಒರಗಿಸಿ, ಸರ್ಕಾರವನ್ನು ಹೇಗೆ ನಡೆಸಬೇಕೆಂದು ಯಾರೋ ಕೂಗಾಡುತ್ತಿದ್ದ ವಿಡಿಯೋ ನೋಡುತ್ತ ಗಡ್ಡ ಹೆರೆಯುತ್ತಿದ್ದರು. "ಭೇಷ್, ಹಾಗೆ ಹೇಳು!" ಎಂದು ತಲೆಯಾಡಿಸಿದ್ದೇ ತಪ್ಪಾಯಿತು, ಎಡಮೀಸೆ ಅರ್ಧ ಹಾರಿಹೋಯಿತು. ಅದಕ್ಕೆ ಸರಿಯಾಗಲೆಂದು ಬಲಗಡೆ ಕತ್ತರಿಸಿದರು, ಬಲಕ್ಕೆ ಸರಿಯಾಗಲೆಂದು ಮತ್ತೆ ಎಡಗಡೆ. ಕೊನೆಗೆ ಎರಡೂ ಕಡೆ ಸಮಾನತೆ ಸ್ಥಾಪನೆಯಾದಾಗ ಮೂಗಿನ ಕೆಳಗೆ ಏನೂ ಉಳಿದಿರಲಿಲ್ಲ.

"ಅಯ್ಯೋ, ಯಾರ ಮನೆ ಕೂಸಪ್ಪ ಇದು!" ಎಂದು ಹೆಂಡತಿ ನಕ್ಕಳು. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಕಚೇರಿಯ ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ನಗಲಿಲ್ಲ. "ಗುರುತು ಸಿಗಲಿಲ್ಲ" ಎಂದಿತು.

ಗುಮಾಸ್ತರು ಕನ್ನಡಕ ತೆಗೆದರು, ಹಾಕಿದರು. ಮುಗುಳ್ನಕ್ಕರು, ಗಂಭೀರವಾದರು. "ಗುರುತು ಸಿಗಲಿಲ್ಲ." ಹುಟ್ಟಿದವರು ಹುಟ್ಟಿದ್ದಾರೆ, ಸತ್ತವರು ಸತ್ತಿದ್ದಾರೆ ಎಂದು ಊರಿಗೆಲ್ಲ ಮುದ್ರೆ ಒತ್ತಿಕೊಟ್ಟ ಮಹಾನುಭಾವರು, ತಾವು ಇದ್ದೇವೆ ಎಂದು ತೋರಿಸಲಾಗದೆ ಬೆವರಿದರು.

"ಸರ್, ನಾನು ಬಂದಿರೋದು ನಿಮಗೆ ಕಾಣ್ತಿಲ್ವಾ?" ಎಂದು ಮೇಲಧಿಕಾರಿಯನ್ನು ಕೇಳಿದರು.

"ಚೆನ್ನಾಗೇ ಕಾಣ್ತಿದೀರಿ. ಆದ್ರೆ ನನ್ನ ಕಣ್ಣಿಗೆ ನೆಟ್ ಕನೆಕ್ಷನ್ ಇಲ್ವಲ್ರೀ!"

ಇದೂ ಹೋಗಲಿ. ಆಡಳಿತ ಗಾಜಿನಂತೆ ಪಾರದರ್ಶಕವಾಗಿರಲೆಂದು ಇಲಾಖೆಯವರು ಹಾಜರಿಯನ್ನು ದಿನವೂ ಫೇಸ್‌ಬುಕ್ ಪುಟದಲ್ಲಿ ಹಾಕುತ್ತಿದ್ದರು. ಬಂದವರ ಹೆಸರು ಹಸಿರು, ಬಾರದವರದು ಕೆಂಪು. ಆ ಪುಟಕ್ಕಿದ್ದ ಏಕೈಕ ನಿಷ್ಠಾವಂತ ಓದುಗರು ಗುಮಾಸ್ತರ ಅತ್ತೆ. (ಅಳಿಯ ಹಸಿರಾಗದ ಹೊರತು ಅವರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.)

ಸಂಜೆ ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಯಿತು.

"ಇಡೀ ದಿನ ಎಲ್ಲಿಗೆ ಹೋಗಿದ್ರಿ?"

"ಆಫೀಸಿಗೆ ಕಣೇ."

"ಅಮ್ಮ ಫೋನ್ ಮಾಡಿದ್ರು. ನೀವು ಕೆಂಪಾಗಿದೀರಂತೆ."

"ಮಧ್ಯಾಹ್ನ ಆಫೀಸಿನ ಫೋನಲ್ಲಿ ನೀನೇ ನನ್ನ ಜೊತೆ ಮಾತಾಡಿದ್ಯಲ್ಲೇ!"

"ದನಿ ಯಾರು ಬೇಕಾದ್ರೂ ಮಾಡ್ತಾರೆ. ಸರ್ಕಾರ ಸುಳ್ಳು ಹೇಳತ್ತಾ?"

"ಆ ಕಚೇರೀಲಿ ಸರ್ಕಾರ ಅಂದ್ರೆ ನಾನೇ ಕಣೇ!"

"ಹಾಗಾದ್ರೆ ನಿಮ್ಮ ಮಾತು ಹೇಗ್ರೀ ನಂಬೋದು?"

ಅಷ್ಟರಲ್ಲಿ ಅತ್ತೆಯ ದನಿಸಂದೇಶ ಬಂತು: "ಅಳಿಯಂದ್ರು ನಾಳೆ ಹಸಿರಾಗದಿದ್ರೆ ನಾನೇ ಬರ್ತೀನಿ ಮಗಳೇ. ಹಸಿರಾಗೋ ತನಕ ಅಲ್ಲೇ ಇರ್ತೀನಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅತ್ತೆ ಕಳೆದ ಸಲ ಬಂದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿ ಹೋಗಿದ್ದರು. ಸಾಸಿವೆ ಇನ್ನೂ ಸಿಕ್ಕಿರಲಿಲ್ಲ. ಮದುವೆಯಾದಂದಿನಿಂದ ಆ ದಂಪತಿ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು.

ಬೆಳಿಗ್ಗೆ ಹೆಂಡತಿ ಹುಬ್ಬು ತೀಡುವ ಪೆನ್ಸಿಲ್ ಹಿಡಿದು ಬಂದಳು. "ಕೂತ್ಕೊಳ್ಳಿ. ಮೂಗು ಅಲ್ಲಾಡಿಸಬೇಡಿ."

ಬಿಡಿಸುತ್ತ ಬಿಡಿಸುತ್ತ ಅವಳಿಗೆ ಹುಮ್ಮಸ್ಸು ಬಂತು. ತುದಿಗಳು ಕೆನ್ನೆಯತ್ತ ಹೊರಟು, ಅಲ್ಲಿ ಗತ್ತಿನಿಂದ ಮೇಲಕ್ಕೆ ತಿರುಗಿದವು.

"ನನಗೆ ಇಷ್ಟು ದೊಡ್ಡ ಮೀಸೆ ಯಾವಾಗಿತ್ತೇ?"

"ನಿಮಗಿದ್ದದ್ದು ಮೀಸೆ ಅಲ್ಲ ರೀ, ಬರೀ ಅನುಮಾನ. ಸುಮ್ನಿರಿ."

ಗುಮಾಸ್ತರು ಉಸಿರು ಬಿಗಿಹಿಡಿದು ಯಂತ್ರದೆದುರು ನಿಂತರು. ಯಂತ್ರ ಬಹಳ ಹೊತ್ತು ದಿಟ್ಟಿಸಿತು. ಹಿಂದೆ ಸಾಲುಗಟ್ಟಿದ್ದ ಸಹೋದ್ಯೋಗಿಗಳೂ ಉಸಿರು ಬಿಗಿಹಿಡಿದರು. "ಸ್ವಾಗತ!" ಎಂದಿತು ಯಂತ್ರ. "ನಿಮ್ಮ ಹೊಸ ಮುಖವನ್ನು ನೆನಪಿಟ್ಟುಕೊಳ್ಳಲಾಗಿದೆ."

ಚಪ್ಪಾಳೆಯೋ ಚಪ್ಪಾಳೆ! ಮೇಲಧಿಕಾರಿ ಕೈ ಕುಲುಕಿದರು. ಇಲಾಖೆಯ ಪುಟದಲ್ಲಿ ಗುಮಾಸ್ತರ ಫೋಟೋ ಬಂದು, ಲೈಕುಗಳು ಸುರಿದವು. "ಇಂಥ ಮೀಸೆ ಇರೋವರೆಗೆ ಸರ್ಕಾರ ಅಲ್ಲಾಡಲ್ಲ" ಎಂದು ಯಾರೋ ಅಪರಿಚಿತರು ಬರೆದರು. ಅತ್ತೆ ಹೂಗುಚ್ಛದ ಚಿತ್ರ ಕಳಿಸಿ, ಪ್ರಯಾಣ ರದ್ದು ಮಾಡಿದರು. ಗುಮಾಸ್ತರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮನೆಗೆ ಬಂದರು. (ಮುಖ ಮಾತ್ರ ತೊಳೆಯಲಿಲ್ಲ.)

ದಿನಗಳು ಕಳೆದು ಸ್ವಂತ ಮೀಸೆ ಬೆಳೆಯಿತು. ಮೊದಲಿನಂತೆಯೇ ಅಚ್ಚುಕಟ್ಟಾದ ಸಣ್ಣ ಮೀಸೆ. ಪೆನ್ಸಿಲಿನ ಹಂಗು ಹರಿಯಿತೆಂದು ಎದೆಯುಬ್ಬಿಸಿ ಯಂತ್ರದೆದುರು ನಿಂತರು.

"ಗುರುತು ಸಿಗಲಿಲ್ಲ."

ಅದಕ್ಕೆ ಬೇಕಾಗಿದ್ದದ್ದು ಹೆಂಡತಿ ಬಿಡಿಸಿದ ಮೀಸೆ!

ಈಗ ಗುಮಾಸ್ತರು ದಿನಾ ಬೆಳಿಗ್ಗೆ ದೇವರು ಕೊಟ್ಟ ಮೀಸೆಯನ್ನು ನುಣ್ಣಗೆ ಬೋಳಿಸಿ, ಸರ್ಕಾರ ಒಪ್ಪಿದ ಮೀಸೆಗಾಗಿ ಗದ್ದ ಎತ್ತಿ ಕೂರುತ್ತಾರೆ. ಹೆಂಡತಿ ಎಡಗಡೆ ಮುಗಿಸಿ ಪೆನ್ಸಿಲ್ ಕೆಳಗಿಡುತ್ತಾಳೆ.

"ಇನ್ನೊಂದು ಕಡೆ ಕಣೇ, ಹೊತ್ತಾಯ್ತು!"

"ಬಕೆಟ್ಟಿನಲ್ಲಿರೋ ಬಟ್ಟೆ ಒಣಹಾಕಿ ಬನ್ನಿ, ಬರೀತೀನಿ."

ಆದ್ದರಿಂದ ಬೆಳಗಿನ ಹೊತ್ತು ಅವರ ಮನೆಯ ಮಹಡಿಯ ಮೇಲೆ ಅರ್ಧ ಮೀಸೆಯ ಗಂಭೀರ ವ್ಯಕ್ತಿಯೊಬ್ಬರು ದಿಂಬಿನ ಚೀಲ ಕೊಡವುತ್ತಿರುವುದು ಕಂಡರೆ ನಗಬೇಡಿ. ಅವರು ಹಾಜರಿ ಹಾಕುತ್ತಿದ್ದಾರೆ.