ಮಾವನವರ ಪದಕೋಶವನ್ನು ನಾನು ಸೀಡಿಗೆ ಏರಿಸಿದ್ದು

ಕಂಪ್ಯೂಟರ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದವನು ನಾನೇ. ಕೊನೆಯ ಸಲ ಹೇಳಿದವನೂ ನಾನೇ. ನಡುವೆ ಬೇರೆ ಯಾರೂ ಹೇಳಲಿಲ್ಲ.

ಬಿಡದಿ ಕಡೆ ರಾಗಿ ಹೊಲಗಳಲ್ಲೆಲ್ಲ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ಅಂಥದ್ದೊಂದು ಶೆಡ್ಡಿನಲ್ಲಿ ನಾನು ಸ್ಟೋರ್ ಕೀಪರ್. ರಾಮನಗರದಿಂದ ದಿನಾ ಬಸ್ಸಿನಲ್ಲಿ ಹೋಗಿ, ನಟ್ಟು, ಬೋಲ್ಟು, ವಾಷರ್‌ಗಳ ಲೆಕ್ಕವನ್ನು ಕಂಪ್ಯೂಟರಿಗೆ ತುಂಬಿಸಿ ಬರುತ್ತಿದ್ದೆ. ಎರಡು ವರ್ಷ ವಾಷರ್ ತುಂಬಿಸಿದವನಿಗೆ ಪ್ರಪಂಚದಲ್ಲಿರುವುದನ್ನೆಲ್ಲ ತುಂಬಿಸಬಲ್ಲೆ ಎನ್ನುವ ಧೈರ್ಯ ಬಂದುಬಿಡುತ್ತದೆ. ನನಗೆ ಆರು ತಿಂಗಳಿಗೇ ಬಂದಿತ್ತು!

ನನ್ನ ಮಾವ ಜ್ಞಾನಪ್ಪನವರು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಪಕ್ಕದ ಹಳ್ಳಿಯವರು. ಚರ್ಚಿನಲ್ಲಿ ಉಪದೇಶಿಯಾಗಿದ್ದು ನಿವೃತ್ತರಾದವರು. ಒಂದು ಎಕರೆ ಹಿಪ್ಪುನೇರಳೆ, ಒಂದು ರೇಷ್ಮೆಹುಳು ಸಾಕುವ ಮನೆ, ಮತ್ತು ಹದಿನಾಲ್ಕು ಉದ್ದನೆಯ ನೋಟ್‌ಬುಕ್ಕು, ಇಷ್ಟೇ ಅವರ ಆಸ್ತಿ. ಆ ನೋಟ್‌ಬುಕ್ಕುಗಳಲ್ಲಿ ನಲವತ್ತು ವರ್ಷದ ಬದುಕು ಇತ್ತು. ಕನ್ನಡ ಬೈಬಲಿನಲ್ಲಿ ಯಾವ ಪದ ಎಲ್ಲೆಲ್ಲಿ ಬರುತ್ತದೆ ಎಂದು ಅವರು ಅಕಾರಾದಿಯಾಗಿ ಪಟ್ಟಿ ಮಾಡಿದ್ದರು. 'ಉಪ್ಪು' ಎಂದು ಹುಡುಕಿದರೆ ಉಪ್ಪು ಬರುವ ಅಧ್ಯಾಯ, ವಚನ ಎಲ್ಲವೂ ಸಾಲಾಗಿ ಸಿಗುತ್ತಿದ್ದವು. ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕಿ ಕೈತೊಳೆದು ಕೂತರೆ ಮುಂದಿನ ಸೊಪ್ಪಿನ ಹೊತ್ತಿನವರೆಗೆ ಬರೆಯುವುದು. ಈಗ ಅವರ ಕಣ್ಣು ಮಂಜಾಗಿತ್ತು. ತಾವೇ ಬರೆದದ್ದನ್ನು ತಾವೇ ಓದಲಾರದೆ ಹೋಗಿದ್ದರು.

ಒಂದು ಭಾನುವಾರ ಚನ್ನಪಟ್ಟಣದ ನಮ್ಮ ಸಭಾಪಾಲಕರು ಆರಾಧನೆ ಮುಗಿದ ಮೇಲೆ ಪ್ರಕಟಣೆ ಮಾಡಿದರು. ಸತ್ಯವೇದ ಅಧ್ಯಯನಕ್ಕೆ ಬಂದಿರುವ ಹೊಸ ಪುಸ್ತಕಗಳು ಮತ್ತು ಸೀಡಿಗಳನ್ನು ಮುಂದಿನ ವರ್ಷ ಚರ್ಚಿನಲ್ಲೇ ಒಂದು ದಿನ ಪ್ರದರ್ಶನಕ್ಕೆ ಇಡುತ್ತಾರಂತೆ, ದೊಡ್ಡ ಊರಿನ ಬೈಬಲ್ ಕಾಲೇಜಿನವರೂ ಬರುತ್ತಾರಂತೆ. "ಇಂಗ್ಲಿಷಿನಲ್ಲಿ ಒಂದೇ ಸೀಡಿಯಲ್ಲಿ ಇಡೀ ಗ್ರಂಥಾಲಯ ಇದೆ. ಕನ್ನಡದಲ್ಲಿ ತೋರಿಸೋಕೆ ನಮ್ಮ ಹತ್ತಿರ ಏನೂ ಇಲ್ಲ" ಎಂದು ಪೇಚಾಡಿಕೊಂಡರು.

ನಾನು ಎದ್ದು ನಿಂತೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ನಮ್ಮ ಮಾವನವರ ಪದಕೋಶ ಇದೆ ಅಯ್ಯನವರೇ. ನಾನು ಸೀಡಿ ಮಾಡಿಕೊಡ್ತೀನಿ!"

ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಗುಣ ನನ್ನ ಅಂಗಿಯ ತುದಿ ಹಿಡಿದು ಎಳೆದಳು. ಮುಂದಿನ ಸಾಲಿನಲ್ಲಿದ್ದ ಮಾವ ಮಾತ್ರ ಧ್ವನಿ ಬಂದ ದಿಕ್ಕಿಗೆ ತಿರುಗಿ, "ಆಯ್ತದಾ ಅಳಿಯಂದ್ರೇ? ನಾನ್ ಕಣ್ಮುಚ್ಚೋದ್ರೊಳಗೆ ಅದು ನಾಕ್ ಜನದ ಕೈಗೆ ಸಿಕ್ಬುಟ್ರೆ ಸಾಕು ಕಣಪ್ಪಾ" ಎಂದರು. ಆ ಕ್ಷಣವೇ ಶಪಥ ಮಾಡಿದೆ. ಏನೇ ಆಗಲಿ, ಮಾಡಿಯೇ ತೀರುತ್ತೇನೆ.

ರಾಮನಗರದ ರೇಷ್ಮೆ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ನಯಾಜ್ ಎಂಬಾತನ ಡಿಟಿಪಿ ಅಂಗಡಿ ಇತ್ತು. ಮದುವೆ ಕಾರ್ಡು, ಗೂಡಿನ ವ್ಯಾಪಾರಿಗಳ ಬಿಲ್ ಪುಸ್ತಕ ಮಾಡುವವನು. ಹದಿನಾಲ್ಕು ನೋಟ್‌ಬುಕ್ಕನ್ನೂ ಚೀಲದಲ್ಲಿ ಹೊತ್ತು ಅಲ್ಲಿಗೆ ಹೋದೆ. "ನಾನೇ ಟೈಪ್ ಮಾಡ್ಕೊಡ್ತೀನಿ ಸಾರ್" ಎಂದ. ಕೈ ಎತ್ತಿ ತಡೆದೆ. ಇಂಥ ಪವಿತ್ರ ಕೆಲಸವನ್ನು ಬಾಡಿಗೆ ಬೆರಳುಗಳಿಗೆ ಒಪ್ಪಿಸಲಾದೀತೇ?

ಏಳು ತಿಂಗಳು ಹಿಡಿಯಿತು. ಶಿಫ್ಟು ಮುಗಿಸಿ ಬಂದು ದಿನಾ ಎರಡು ಗಂಟೆ. ಮೊದಮೊದಲು 'ಕ್ಷ' ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಕರೆಂಟು ಹೋದಾಗ ಟೈಪು ಮಾಡಿದ್ದೂ ಜೊತೆಗೆ ಹೋಗುತ್ತಿತ್ತು. 'ಕುರಿ' ಎಂಬ ಪದವೊಂದನ್ನೇ ನಾಲ್ಕು ಸಲ ಹೊಡೆದಿದ್ದೇನೆ. ಮೂರನೆಯ ಸಲ ಕರೆಂಟು ಹೋದಾಗ ಆಡಿದ ಮಾತನ್ನು ಉಪದೇಶಿಯ ಅಳಿಯ ಆಡಬಾರದಿತ್ತು. ಸುಗುಣ, "ರೀ, ನಯಾಜನ ಕೈಲೇ ಮಾಡಿಸ್ಬಾರ್ದಾ?" ಎಂದು ಎಷ್ಟು ಸಲ ಕೇಳಿದಳೋ. "ಮಾಡಿದರೆ ನಾನೇ!" ಎಂದು ಅಷ್ಟೇ ಸಲ ಹೇಳಿದೆ.

ಕೊನೆಗೂ ಮುಗಿಯಿತು. ಹದಿನಾಲ್ಕು ನೋಟ್‌ಬುಕ್ಕಿಗೆ ಹದಿನಾಲ್ಕು ಫೈಲು. ದಿನಾ ತೆರೆಯಲು ಸುಲಭವಾಗಲೆಂದು ನಯಾಜ್ ಪರದೆಯ ಮೇಲೆ ಹದಿನಾಲ್ಕು ಪುಟ್ಟ ಚಿತ್ರಗಳನ್ನು ಸಾಲಾಗಿ ಇಟ್ಟುಕೊಟ್ಟಿದ್ದ. ಪ್ರತಿಯೊಂದರ ಮೂಲೆಯಲ್ಲೂ ಒಂದು ಸಣ್ಣ ಬಾಣ ಇತ್ತು. ನಾನು ಅಲಂಕಾರ ಎಂದುಕೊಂಡಿದ್ದೆ.

"ಸೀಡಿ ನಾನು ಹೊಡ್ಕೊಡ್ಲಾ ಸಾರ್?" ಎಂದ ನಯಾಜ್.

"ಇಷ್ಟು ಮಾಡಿದವನಿಗೆ ಅಷ್ಟು ಗೊತ್ತಿಲ್ಲವೇನಯ್ಯ?" ಎಂದೆ.

ಆ ಹದಿನಾಲ್ಕು ಚಿತ್ರಗಳನ್ನು ಒಟ್ಟಿಗೆ ಹಿಡಿದು ಸೀಡಿಯೊಳಗೆ ಹಾಕಿದೆ. ಏಳು ತಿಂಗಳ ಕೆಲಸ ಅರೆ ನಿಮಿಷದಲ್ಲಿ ಒಳಗೆ ಹೋಗಿಬಿಟ್ಟಿತು! ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ಬೆರಗಾದೆ. ಆದರೂ ನಾನು ಜವಾಬ್ದಾರಿಯುಳ್ಳ ಮನುಷ್ಯ. ಅದೇ ಕಂಪ್ಯೂಟರಿನಲ್ಲಿ ಸೀಡಿ ತೆರೆದು ಒಂದೊಂದನ್ನೂ ಒತ್ತಿ ನೋಡಿದೆ. ಎಲ್ಲವೂ ತೆರೆದವು. ಅಕಾರದಿಂದ ಳಕಾರದವರೆಗೆ ಒಂದೂ ತಪ್ಪಿರಲಿಲ್ಲ.

ಆಮೇಲೆ ನನಗೆ ಇನ್ನೊಂದು ಯೋಚನೆ ಬಂತು. ಇಂಥ ಅಮೂಲ್ಯ ಕೃತಿಯನ್ನು ಯಾರಾದರೂ ಕದ್ದು ಮುದ್ರಿಸಿಬಿಟ್ಟರೆ? "ನಯಾಜ್, ಇದರೊಳಗಿರೋದನ್ನೆಲ್ಲ ಅಳಿಸಿಬಿಡಪ್ಪ" ಎಂದೆ.

"ಬೇಕಾಗಲ್ವಾ ಸಾರ್?"

"ಸೀಡಿ ಇದೆಯಲ್ಲ!"

"ಒಳ್ಳೇದಾಯ್ತು ಸಾರ್, ಮಿಷಿನ್ ಬಹಳ ಸ್ಲೋ ಆಗೈತೆ. ಪೂರಾ ಫಾರ್ಮ್ಯಾಟೇ ಹೊಡೆದುಬಿಡ್ತೀನಿ" ಎಂದ. ಅವನಿಗೆ ಧನ್ಯವಾದ ಹೇಳಿದೆ.

ಮರುದಿನ ನೋಟ್‌ಬುಕ್ಕಿನ ಚೀಲ ಹೊತ್ತು ಮಾವನ ಊರಿಗೆ ಹೋದೆ. ಮಾವ ಪ್ರಾರ್ಥನಾ ಕೂಟಕ್ಕೆ ಹೋಗಿದ್ದರು. ಅತ್ತೆ ಹುಳುಮನೆಯ ಬಾಗಿಲಲ್ಲಿ ಹಳೆಯ ಪೇಪರು ಕೆದಕುತ್ತಾ ಕೂತಿದ್ದರು. ಮೊಟ್ಟೆ ಒಡೆದು ಮರಿಹುಳು ಬಂದಿದ್ದವು. ತಟ್ಟೆಗೆ ಹಾಸಲು ಕಾಗದ ಸಾಲದೆ ಒದ್ದಾಡುತ್ತಿದ್ದರು.

"ಈ ಬಣ್ಣಬಣ್ಣದ ಪೇಪರ್ ಮರಿಗೆ ಆಗಕ್ಕಿಲ್ಲ ಕಣಪ್ಪ. ಬಿಳೀ ಹಾಳೆ ಏನಾರಾ ಐತಾ?"

ನನ್ನ ಹೃದಯ ವಿಶಾಲವಾಯಿತು. ಚೀಲ ಬಿಚ್ಚಿದೆ.

"ಅಯ್ಯೋ, ನಿಮ್ ಮಾವ ಬರ್ದಿದ್ದಲ್ವಾ ಇದು?" ಅತ್ತೆಗೆ ಓದು ಬಾರದಿದ್ದರೂ ಆ ಅಕ್ಷರದ ಗುರುತಿತ್ತು.

"ಅದೆಲ್ಲ ಇದರೊಳಗೆ ಬಂದಿದೆ ಅತ್ತೆ. ಇನ್ನು ಸಾವಿರ ವರ್ಷ ಅಳಿಯಲ್ಲ" ಎಂದು ಸೀಡಿಯನ್ನು ಅವರ ಕೈಗಿಟ್ಟೆ.

ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದ್ರಲ್ಲಿ ಏನೂ ಕಾಣಕ್ಕಿಲ್ವಲ್ಲಪ್ಪ. ನನ್ ಮಕ ಕಾಣ್ತೈತೆ ಅಷ್ಟೇ."

ನಾನು ನಕ್ಕೆ. ನಗುತ್ತಲೇ ಹದಿನಾಲ್ಕು ನೋಟ್‌ಬುಕ್ಕಿನ ಪಿನ್ನನ್ನೂ ನನ್ನ ಕೈಯಾರೆ ಕಿತ್ತು, ಹಾಳೆ ಬಿಡಿಸಿ, ತಟ್ಟೆಗೆ ಹಾಸಲು ಕೊಟ್ಟೆ. ಎರಡು ತಟ್ಟೆಗೆ ನಾನೇ ಹಾಸಿದೆ.

ಪ್ರದರ್ಶನದ ಭಾನುವಾರ ಬಂತು. ಮೇಜುಗಳ ಮೇಲೆ ಇಂಗ್ಲಿಷಿನ ದಪ್ಪ ಪುಸ್ತಕಗಳು, ಹೊಳೆಯುವ ಸೀಡಿಗಳು. ನಡುವೆ ಸಭಾಪಾಲಕರ ಕಂಪ್ಯೂಟರು. ಬೈಬಲ್ ಕಾಲೇಜಿನಿಂದ ಬಂದಿದ್ದ ಹಿರಿಯರು ಮುಂದಿನ ಕುರ್ಚಿಯಲ್ಲಿ, ಅವರ ಪಕ್ಕದಲ್ಲಿ ಬಿಳಿ ಪಂಚೆಯುಟ್ಟ ಮಾವ. ಅವರ ಕೊರಳಿಗೆ ಸಭೆಯವರು ಹಾರ ಹಾಕಿದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಐದು ನಿಮಿಷ ಭಾಷಣ ಮಾಡಿದೆ. ಕಾಗದದ ಯುಗ ಮುಗಿಯಿತು ಎಂಬುದು ನನ್ನ ಭಾಷಣದ ಸಾರಾಂಶ.

ಸೀಡಿ ಹಾಕಿದೆ. ಹದಿನಾಲ್ಕು ಚಿತ್ರಗಳು ಕಾಣಿಸಿಕೊಂಡವು. ಜನ ಚಪ್ಪಾಳೆ ತಟ್ಟಿದರು. ಮೊದಲನೆಯದನ್ನು ಒತ್ತಿದೆ.

ಪರದೆಯ ಮೇಲೆ ಒಂದು ಪುಟ್ಟ ಟಾರ್ಚು ಬಂತು. ಅದು ಆ ಕಡೆ ಈ ಕಡೆ ಬೆಳಕು ಬಿಡುತ್ತಾ ಏನನ್ನೋ ಹುಡುಕತೊಡಗಿತು.

"ಏನ್ಲಾ ಅದು, ಲೈಟ್ ಬಿಟ್ಕಂಡು ಏನ್ ಹುಡುಕ್ತಾ ಐತೆ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದರು.

ಎರಡನೆಯದನ್ನು ಒತ್ತಿದೆ. ಟಾರ್ಚು. ಮೂರನೆಯದು. ಟಾರ್ಚು! ಹದಿನಾಲ್ಕನೆಯದನ್ನು ಒತ್ತುವ ಹೊತ್ತಿಗೆ ನನ್ನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಾಲೇಜಿನ ಹಿರಿಯರು ಎದ್ದು ಬಂದು ಕನ್ನಡಕ ಸರಿಮಾಡಿಕೊಂಡು ನೋಡಿ, ಬಹಳ ಮೃದುವಾಗಿ ಹೇಳಿದರು: "ಇದು ಫೈಲ್ ಅಲ್ಲ ತಮ್ಮ. ಫೈಲ್ ಎಲ್ಲಿದೆ ಅಂತ ತೋರಿಸೋ ದಾರಿ ಅಷ್ಟೇ. ಫೈಲು ನೀವು ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಇರುತ್ತೆ, ಹೆದರಬೇಡಿ."

ಹೆದರಬೇಡಿ! ಆ ಕಂಪ್ಯೂಟರನ್ನು ನಾನೇ ಹೇಳಿ ಬೋಳಿಸಿ ಬಂದಿದ್ದೆನಲ್ಲ!

"ಹೋಗ್ಲಿ ಬುಡಿ ಅಳಿಯಂದ್ರೇ" ಎಂದರು ಮಾವ, ಸಮಾಧಾನದ ದನಿಯಲ್ಲಿ. "ನೋಟ್‌ಬುಕ್ ಐತಲ್ಲಾ? ಅದನ್ನೇ ತೋರ್ಸನ."

ಭೂಮಿ ಬಾಯ್ತೆರೆದು ನನ್ನನ್ನು ನುಂಗಬಾರದೇ ಎನಿಸಿತು. ಸುಗುಣ ನನ್ನ ಮುಖ ನೋಡಿದಳು. "ರೀ, ನೋಟ್‌ಬುಕ್ಕೆಲ್ಲಿ?"

"ಹುಳುಗಳ ಕೆಳಗೆ" ಎಂದೆ.

ಮಾವ ನಿಧಾನವಾಗಿ ಕೊರಳ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಚರ್ಚಿನಿಂದ ನೇರವಾಗಿ ಹಳ್ಳಿಗೆ ಓಡಿದೆ. ಹಿಂದೆಯೇ ಸುಗುಣ, ಅವಳ ಕೈ ಹಿಡಿದು ಮಾವ. ಹುಳುಮನೆಯ ಬಾಗಿಲಲ್ಲಿ ಅತ್ತೆ ಕೈ ಅಡ್ಡ ಹಿಡಿದರು.

"ಕಾಲ್ ತೊಳ್ಕಂಡ್ ಬಾ. ಒಳೀಕ್ ಬಂದ್ರೂ ಏನೂ ಮುಟ್ಟಂಗಿಲ್ಲ. ಹುಳ ಜ್ವರಕ್ಕೆ ಕೂತೈತೆ."

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ತಟ್ಟೆ ಅಲ್ಲಾಡಿಸಿದರೆ ಬೆಳೆಯೇ ಹೋದಂತೆ. ಸಾವಿರಾರು ಹುಳುಗಳು ನನ್ನ ಮಾವನ ನಲವತ್ತು ವರ್ಷದ ಮೇಲೆ ತಲೆ ಎತ್ತಿಕೊಂಡು ಧ್ಯಾನಕ್ಕೆ ಕೂತಿದ್ದವು!

"ಅತ್ತೆ, ಎಷ್ಟು ಹೊತ್ತು?"

"ನಾಳೆ ಏಳ್ತವೆ."

ಆದರೆ ನಾನು ಬಿಡುವವನಲ್ಲ. ತಟ್ಟೆ ಬದಲಿಸಿದಾಗ ತೆಗೆದ ಹಾಳೆಗಳು ತಿಪ್ಪೆಗೆ ಹೋಗಿದ್ದವು. ಇಸ್ತ್ರಿ ಅಂಗಿಯಲ್ಲೇ ತಿಪ್ಪೆಗೆ ಇಳಿದೆ. ಹುಳುವಿನ ಹಿಕ್ಕೆ, ಒಣಗಿದ ಸೊಪ್ಪಿನ ದಂಟು, ಅದರ ನಡುವೆ ಹಾಳೆಗಳು. ಒಂದೊಂದನ್ನೇ ಎತ್ತಿ ಕೊಡವಿ ಸುಗುಣನ ಕೈಗೆ ಕೊಟ್ಟೆ. ಅವಳು ಮೂಗು ಮುಚ್ಚಿಕೊಂಡು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿದಳು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಚಿಕ್ಕೇಗೌಡರು ಸೈಕಲ್ಲು ನಿಲ್ಲಿಸಿದರು.

"ಏನ್ ಕಳ್ಕಂಡ್ರಿ ಬುದ್ಧಿ?"

"ಅದನ್ನೇ" ಎಂದಳು ಸುಗುಣ, ನನಗಿಂತ ಮೊದಲು.

ಮರುದಿನ ಹುಳುಗಳು ಎದ್ದವು. ಅವಕ್ಕೆ ಹೊಸ ಹಾಸು ಹಾಸಿ, ಹಳೆಯದನ್ನು ನಾನು ಎರಡು ಕೈಯಲ್ಲೂ ಭಕ್ತಿಯಿಂದ ಸ್ವೀಕರಿಸಿದೆ. ಹಾಸಲು ಬಿಳಿ ಕಾಗದ ತಂದುಕೊಟ್ಟವನೂ ನಾನೇ. ಎಲ್ಲ ಜೋಡಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಮಿಕ್ಕದ್ದು ಕೊಳೆತು ಹೋಗಿತ್ತು. ನನಗೆ ಅಳು ಬಂತು. ಅತ್ತೇಬಿಟ್ಟೆ. ಜಗಲಿಯ ಮೇಲೆ ಕೂತಿದ್ದ ಮಾವ ಆಗ ಮೊದಲ ಸಲ ಬಾಯಿ ಬಿಟ್ಟರು.

"ಅಳೋದ್ಯಾಕೆ? ಕಣ್ಣು ಮಂಜಾಗೈತೆ, ತಲೆ ಮಂಜಾಗಿಲ್ಲ. ಹೋಗಿರೋದ್ನ ನಾನ್ ಹೇಳ್ತೀನಿ, ನೀವ್ ಬರ್ಕಳಿ."

"ಕಂಪ್ಯೂಟರಿನಲ್ಲಿ ಮಾವ..."

"ಪೆನ್ನಲ್ಲಿ."

ಹಾಗಾಗಿ ಈಗ ಪ್ರತಿ ಭಾನುವಾರ ಮಧ್ಯಾಹ್ನ ನಾನು ಮಾವನ ಜಗಲಿಯ ಮೇಲೆ ಉದ್ದನೆಯ ನೋಟ್‌ಬುಕ್ಕು ಹಿಡಿದು ಕೂರುತ್ತೇನೆ. ಹರಿದ ಹಾಳೆಗಳನ್ನು ನಕಲು ಮಾಡುತ್ತೇನೆ. ಹಾಳೆ ಇಲ್ಲದ ಕಡೆ ಮಾವ ಕಣ್ಣು ಮುಚ್ಚಿ ಅಧ್ಯಾಯ, ವಚನ ಹೇಳುತ್ತಾ ಹೋಗುತ್ತಾರೆ, ಬೈಬಲು ಬಿಚ್ಚಿಕೊಂಡು ಕೂತ ಸುಗುಣ ಸರಿನೋಡುತ್ತಾಳೆ. ಇದುವರೆಗೆ ಅವರು ತಪ್ಪಿದ್ದು ಎರಡೇ ಕಡೆ, ನಾನು ಪುಟಕ್ಕೆ ಎರಡು. ಸೀಡಿ ಅತ್ತೆಯ ವಶದಲ್ಲಿದೆ. ಗೋಡೆಯ ಮೊಳೆಗೆ ಸಿಕ್ಕಿಸಿ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಾರೆ.

ಮೊನ್ನೆ ಮಕಾರಕ್ಕೆ ಬಂದೆವು. 'ಮೂಢ' ಎಂಬ ಪದ. ಅದರ ಹಾಳೆ ತಿಪ್ಪೆಗೆ ಹೋಗಿತ್ತು. ಮಾವ ಒಂದೂ ಬಿಡದೆ ಅದು ಬರುವ ಜಾಗಗಳನ್ನೆಲ್ಲ ಹೇಳಿದರು. ಬಹಳ ಇದ್ದವು. ಬರೆದು ಮುಗಿಸಿ ಪೆನ್ನೆತ್ತುವ ಹೊತ್ತಿಗೆ, "ಒಸಿ ತಡೀರಿ ಅಳಿಯಂದ್ರೇ. ಅಲ್ಲೊಂದ್ ಸಾಲು ಜಾಗ ಬುಡಿ. ಮುಂದೆ ಸೇರಿಸ್ಕಳಕ್ಕೆ ಬೇಕಾಯ್ತದೆ" ಎಂದರು.

ಸುಗುಣ ಬೈಬಲಿನಿಂದ ತಲೆ ಎತ್ತದೆ ಕೇಳಿದಳು: "ಒಂದು ಸಾಲು ಸಾಕೇನಪ್ಪಾ?"

ನಾನು ಯಾರ ಮುಖವನ್ನೂ ನೋಡಲಿಲ್ಲ. ಎರಡು ಸಾಲು ಬಿಟ್ಟು ಮುಂದಿನ ಪದಕ್ಕೆ ಹೋದೆ.