ತಾತ್ಕಾಲಿಕ ಮರ

ಜೋಲಿ ಕಟ್ಟುವುದಕ್ಕೆ ಎರಡು ಮರ ಬೇಕಾಗುತ್ತದೆ ಎಂಬ ಸಂಗತಿ ದ್ವೀಪ ವಿಶ್ರಾಂತಿ ಇಲಾಖೆಯ ಗಮನಕ್ಕೆ ಬಂದದ್ದು ಜೋಲಿಯನ್ನು ಖರೀದಿಸಿ, ಉದ್ಘಾಟಿಸಿ, ಫೋಟೋ ತೆಗೆಸಿಕೊಂಡ ನಂತರ. ಇಲಾಖೆಯ ಅಗ್ಗದ ವಸತಿಗೃಹದ ಅಂಗಳದಲ್ಲಿ ಇದ್ದದ್ದು ಒಂದೇ ತೆಂಗಿನಮರ. ಇನ್ನೊಂದು ಬೇಲಿಯಾಚೆ, ಬಂದರು ಇಲಾಖೆಯ ಜಾಗದಲ್ಲಿತ್ತು. ಬಂದರು ಇಲಾಖೆಯ ಮರಕ್ಕೆ ದೋಣಿಯ ಹೊರತು ಬೇರೇನನ್ನೂ ಕಟ್ಟುವಂತಿಲ್ಲವೆಂಬ ನಿಯಮವಿದ್ದುದರಿಂದ, ಜೋಲಿಯನ್ನೇ ದೋಣಿ ಎಂದು ಘೋಷಿಸುವ ಪ್ರಸ್ತಾವ ಮೇಲಿನವರ ಪರಿಶೀಲನೆಯಲ್ಲಿತ್ತು. ಹಾಗೆ ಘೋಷಿಸಿದರೆ ಅದರಲ್ಲಿ ಮಲಗುವವರಿಗೆ ಈಜು ಬರಬೇಕಾಗುತ್ತದೆ ಎಂದು ಯಾರೋ ಷರಾ ಬರೆದದ್ದರಿಂದ ಪರಿಶೀಲನೆ ತುಸು ತಡವಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ನಿವೃತ್ತ ಬಸ್ ಕಂಡಕ್ಟರೊಬ್ಬರು ಹೆಂಡತಿಯೊಡನೆ ಲಾಂಚಿನಿಂದ ಇಳಿದರು.

ಕಂಡಕ್ಟರಿಗೆ ಬದುಕಿನಲ್ಲಿ ಇದ್ದದ್ದು ಎರಡೇ ಆಸೆ. ಒಂದು, ನೌಕರಿ ಖಾಯಂ ಆಗಬೇಕು. ಇನ್ನೊಂದು, ಕಾಲು ಚಾಚಿ ಮಲಗಬೇಕು. ಖಾಯಂ ಆದೇಶ ಈ ತಿಂಗಳು ಬಂತು, ಮುಂದಿನ ತಿಂಗಳು ಬಂತು ಎನ್ನುವಷ್ಟರಲ್ಲಿ ನಿವೃತ್ತಿಯ ಆದೇಶವೇ ಬಂದು, ಅವರು ತಾತ್ಕಾಲಿಕವಾಗಿಯೇ ಮುದುಕರಾದರು. ಬಸ್ಸಿನಲ್ಲಿ ಕಂಡಕ್ಟರಿಗೆಂದು ಒಂದು ಸೀಟಿರುತ್ತದೆ, ನಿಜ. ಅವರು ಹತ್ತುವ ಹೊತ್ತಿಗೆ ಅದರ ಮೇಲೆ ಒಬ್ಬ ಬಾಣಂತಿಯೋ ಒಂದು ಕೋಳಿಬುಟ್ಟಿಯೋ ಕೂತಿರುತ್ತಿತ್ತು. ನಿಂತು ನಿಂತು ಮೀನಖಂಡದ ನರಗಳು ಬಳ್ಳಿಯಂತೆ ಹೆಣೆದುಕೊಂಡಿದ್ದವು. ಅಗ್ಗದ ವಿಶ್ರಾಂತಿ ಯೋಜನೆಯ ಪ್ರಕಟಣೆಯಲ್ಲಿ ‘ಕಡಲ ಗಾಳಿ, ಮರದ ನೆರಳು, ಜೋಲಿ’ ಎಂದು ಓದಿದ ದಿನವೇ ಅವರು ಚೀಲ ಕಟ್ಟಿದರು.

ಕೋಣೆ ಚೊಕ್ಕಟವಾಗಿತ್ತು. ಫ್ಯಾನು ಹಾಕಿದರೆ ದೀಪ ಆರುತ್ತಿತ್ತು, ದೀಪ ಹಾಕಿದರೆ ಫ್ಯಾನು ನಿಲ್ಲುತ್ತಿತ್ತು. ಎರಡೂ ಬೇಕೆನ್ನುವುದು ಯೋಜನೆಯ ಆಶಯಕ್ಕೆ ವಿರುದ್ಧ. ಕಿಟಕಿಗೆ ಅಡ್ಡವಾಗಿದ್ದ ನೀರಿನ ಟ್ಯಾಂಕಿನ ಮೇಲೆ ಬಾಣದ ಗುರುತು ಬರೆದು ‘ಸಮುದ್ರ ಈ ಕಡೆ’ ಎಂದು ತಿಳಿಸಿದ್ದರು. ಹಗಲು ಹೊತ್ತು ಕೋಣೆಯಲ್ಲಿ ಮಲಗುವುದು ಸೋಮಾರಿತನವೇ ಹೊರತು ವಿಶ್ರಾಂತಿಯಲ್ಲವಾದ್ದರಿಂದ, ಬೆಳಗಾಗುತ್ತಲೇ ಹಾಸಿಗೆ ಸುತ್ತಿ ಆಫೀಸಿಗೆ ಒಪ್ಪಿಸಬೇಕಾಗಿತ್ತು. ಉಳಿದದ್ದು ಜೋಲಿ.

ಮೇನೇಜರು ಬಲು ಸೌಜನ್ಯದ ಮನುಷ್ಯ. ಕೇಳಿದ್ದಕ್ಕೆ ಇಲ್ಲವೆನ್ನದೆ ಬೀರುವಿನಿಂದ ಜೋಲಿಯನ್ನು ತಂದು ಮೇಜಿನ ಮೇಲಿಟ್ಟು ತೋರಿಸಿದರು. ಕಂಡಕ್ಟರು ಅದನ್ನು ಸವರಿ ನೋಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಮರದ ತೊಡಕನ್ನೆಲ್ಲ ವಿವರಿಸಿದ ಮೇನೇಜರು ಕಡೆಗೆ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

“ನಿಂತು ಅಭ್ಯಾಸ ಇದೆಯಾ ನಿಮಗೆ?”

“ನಿಂತೇ ಸರ್ವೀಸು ಮುಗಿಸಿದವನು ಸ್ವಾಮಿ. ತಿರುವಿನಲ್ಲೂ ಕಂಬಿ ಹಿಡೀತಿರ್ಲಿಲ್ಲ,” ಎಂದರು ಕಂಡಕ್ಟರು, ತುಸು ಹೆಮ್ಮೆಯಿಂದ. ಆ ಹೆಮ್ಮೆಯೇ ಮುಳುವಾಯಿತು.

ಯೋಜನೆಯ ನಿಯಮಾವಳಿಯಲ್ಲಿ ಮರವೆಂದರೆ ‘ಒಂದೇ ಕಡೆ ನಿಂತು ಭಾರ ಹೊರಬಲ್ಲ, ಪ್ರತಿಯಾಗಿ ಏನನ್ನೂ ಕೇಳದ ಜೀವಿ’ ಎಂದಷ್ಟೇ ಇತ್ತು. ಎಲೆ ಇರಬೇಕೆಂದು ಎಲ್ಲೂ ಹೇಳಿರಲಿಲ್ಲ. ಹೀಗಾಗಿ ಮಾರನೆಯ ಬೆಳಗ್ಗೆ ಕಂಡಕ್ಟರನ್ನು ತಾತ್ಕಾಲಿಕ ಮರವಾಗಿ ನೇಮಿಸಲಾಯಿತು. ಮರಗಳಿಗೆ ಬಳಿಯುವಂತೆ ಮೊಣಕಾಲಿನವರೆಗೆ ಸುಣ್ಣ ಬಳಿದು, ನಡುವೆ ಕೆಮ್ಮಣ್ಣಿನ ಪಟ್ಟೆ ಎಳೆದು, ಜೋಲಿಯ ಹಗ್ಗವನ್ನು ಸೊಂಟಕ್ಕೆ ಬಿಗಿದರು. ಅವರು ಮರಳಲ್ಲಿ ಹೂತ ಕಲ್ಲಿಗೆ ಕಾಲು ಕೊಟ್ಟು ಹಿಂದಕ್ಕೆ ವಾಲಿ ನಿಂತರು. ಮೇನೇಜರು ಪರೀಕ್ಷಾರ್ಥವಾಗಿ ಮಲಗಿ, ಊಟದ ಗಂಟೆಯವರೆಗೆ ಪರೀಕ್ಷಿಸಿದರು.

ಅವರು ಆಕಳಿಸುತ್ತ ಇಳಿದಾಗ ಕಂಡಕ್ಟರು ವಿನಯದಿಂದ ತಮ್ಮ ಸರದಿ ಕೇಳಿದರು. ಮೇನೇಜರಿಗೆ ನಿಜವಾಗಿಯೂ ಸಂಕಟವಾಯಿತು. ನೀವು ಮಲಗಿದರೆ ಮರ ಎಲ್ಲಿದೆ ಎಂದು ಕೇಳಿದರು. ಕಂಡಕ್ಟರಿಗೂ ಹೌದೆನಿಸಿತು. ಚಿಲ್ಲರೆ ಇಲ್ಲದವರನ್ನು ನಡುದಾರಿಯಲ್ಲಿ ಇಳಿಸಿದ ಮನುಷ್ಯ, ನಿಯಮದ ಬೆಲೆ ಬಲ್ಲವರು.

ಆಗ ಹೆಂಡತಿ ಮುಂದೆ ಬಂದರು. “ರೀ, ನೀವು ಮಲಗಿ. ನಾನು ನಿಂತ್ಕೋತೀನಿ.”

ಮೇನೇಜರು ಅನುಭವದ ಬಗ್ಗೆ ವಿಚಾರಿಸಿದರು.

“ಒಲೆ ಮುಂದೆ ನಿಂತಿದ್ದೀನಿ. ಇವರು ನಿಂತಿದ್ದಕ್ಕಿಂತ ಜಾಸ್ತಿನೇ.”

ಮೇನೇಜರು ಅಲ್ಲಗಳೆಯಲಿಲ್ಲ. ಕಣ್ಣಾರೆ ಕಂಡವರೊಬ್ಬರು ಹೌದೆಂದರೆ ಸಾಕು, ಮನೆಯವರೇ ಆದರೂ ಆದೀತು ಎಂದರು. ಇಬ್ಬರೂ ತಾತ್ಕಾಲಿಕ ಮರದ ಕಡೆ ತಿರುಗಿದರು.

ಹೂಂ ಅಂದರೆ ಜೋಲಿ ಅವರದು. ಆದರೆ ಟಿಕೆಟ್ ಹರಿಯದೆ ಒಂದು ಕಾಸೂ ಮುಟ್ಟದ ಮನುಷ್ಯ, ಸುಳ್ಳು ಸಾಕ್ಷಿಗೆ ನಾಲಗೆ ಏಳಲಿಲ್ಲ. ಅವರು ಹೊರಡುತ್ತಿದ್ದದ್ದು ಮೊದಲ ಬಸ್ಸಿಗೆ, ಮರಳುತ್ತಿದ್ದದ್ದು ಕಡೆಯ ಬಸ್ಸಿಗೆ. ಬರುವಾಗ ತಟ್ಟೆ ಮುಚ್ಚಿಟ್ಟಿರುತ್ತಿತ್ತು. ಅನ್ನ ತಾನಾಗಿ ಬೇಯುವುದಿಲ್ಲವೆಂಬ ಗುಮಾನಿ ಇತ್ತಾದರೂ ಕಣ್ಣಾರೆ ಕಂಡದ್ದಿಲ್ಲ.

“ನಾನು ನೋಡಿಲ್ಲ,” ಎಂದರು.

ಹೆಂಡತಿ ಚಪ್ಪಲಿ ಕಳಚಿಟ್ಟು ಜೋಲಿ ಹತ್ತಿ ಮಲಗಿಬಿಟ್ಟರು. ಜೋಲಿ ತೂಗತೊಡಗಿದ ಕೂಡಲೇ ಕಂಡಕ್ಟರ ಬಾಯಿಂದ ಅಭ್ಯಾಸಬಲದಿಂದ “ರೈಟ್” ಎಂಬ ಮಾತು ಹೊರಟಿತು.

ಆಕೆಗೆ ಚಿಟಿಕೆ ಹೊಡೆಯುವಷ್ಟರಲ್ಲಿ ನಿದ್ದೆ ಬಂತು. ಹಗಲು ಹೊತ್ತು ಹೆಂಡತಿ ನಿದ್ದೆ ಹೋದದ್ದನ್ನು ಕಂಡಕ್ಟರು ಕಂಡದ್ದು ಅದೇ ಮೊದಲು. ಆಕೆಯ ಕಾಲು ಅವರ ಹೊಟ್ಟೆಯ ನೇರಕ್ಕಿತ್ತು. ಹಿಮ್ಮಡಿ ಒಡೆದಿತ್ತು. ಮೀನಖಂಡದ ತುಂಬ ನರಗಳು ಉಬ್ಬಿ ಹೆಣೆದುಕೊಂಡಿದ್ದವು, ಥೇಟ್ ಅವರದರ ಹಾಗೆ. ಬೇಕಾದ ಸಾಕ್ಷಿ ಈಗ ಕಣ್ಣೆದುರೇ ಇತ್ತು. ಹೇಳಿದರೆ ಆಕೆಯನ್ನು ಎಬ್ಬಿಸಿ ನಿಲ್ಲಿಸಬೇಕಾಗುತ್ತದೆ. ಮೇನೇಜರು ಎರಡು ಸಲ ಹತ್ತಿರವೇ ಹಾದುಹೋದರು. ಕಂಡಕ್ಟರು ತುಟಿ ಪಿಟಕ್ಕೆನ್ನಲಿಲ್ಲ.

ಬಿಸಿಲು ಹೊರಳಿತು. ಹೆಂಡತಿ ಕಣ್ಣು ತೆರೆಯದೆಯೇ ಹೇಳಿದರು: “ರೀ, ಒಂಚೂರು ನೆರಳು ಬರೋ ಹಾಗೆ ನಿಂತ್ಕೊಳ್ಳಿ.”

ಮರ ಜಾಗ ಬಿಟ್ಟು ಸರಿಯುವಂತಿಲ್ಲ. ಕಂಡಕ್ಟರು ಹೆಗಲ ಮೇಲಿನ ಟವೆಲನ್ನು ಬಿಡಿಸಿ ಎರಡೂ ಕೈಯಲ್ಲಿ ಅಗಲಕ್ಕೆ ಎತ್ತಿ ಹಿಡಿದರು.

ಸರಿಯಾಗಿ ಆಗಲೇ ಮೇಲಧಿಕಾರಿಗಳು ತಪಾಸಣೆಗೆಂದು ಬಂದದ್ದು. ಅವರು ಬಹಳ ಹೊತ್ತು ನಿಂತು ನೋಡಿ, ತೆಂಗಿನಮರಕ್ಕಿಂತ ಇದರ ನೆರಳೇ ಒತ್ತಾಗಿದೆಯೆಂದು ಮೆಚ್ಚಿ, ಸಂಜೆಯೊಳಗೆ ಪ್ರಕಟಣೆ ಹೊರಡಿಸಿದರು: ‘ವಸತಿಗೃಹದ ಎರಡನೆಯ ಮರವು ನಿರೀಕ್ಷೆಗೆ ಮೀರಿ ನೆರಳು ನೀಡುತ್ತಿರುವುದರಿಂದ ಅದನ್ನು ಖಾಯಂಗೊಳಿಸಲಾಗಿದೆ. ಮರಕ್ಕೆ ಕಲ್ಲು ಹೊಡೆಯುವುದು, ಹೆಸರು ಕೆತ್ತುವುದು, ಅನಗತ್ಯವಾಗಿ ಮರದೊಡನೆ ಮಾತಾಡುವುದು ನಿಷಿದ್ಧ.’ ಮೇನೇಜರು ಅಭಿನಂದನೆ ಹೇಳಿ ಬುಡಕ್ಕೆ ಒಂದು ಬಕೆಟ್ ನೀರು ಹೊಯ್ದರು. ಕಂಡಕ್ಟರ ಕಣ್ಣು ತುಂಬಿ ಬಂತು.

“ಖಾಯಂ ಆಯ್ತು ಕಣೇ,” ಎಂದರು, ಕೈ ಇಳಿಸದೆ.

“ಸದ್ಯ, ಈಗಲಾದ್ರೂ ಆಯ್ತಲ್ಲ,” ಎಂದು ಹೆಂಡತಿ ಮಗ್ಗುಲು ಬದಲಿಸಿದರು. “ಕೈ ಇನ್ನೊಂಚೂರು ಈ ಕಡೆಗೆ.”